ಮಾನ್ಯಖೇಟದ ನವಿಲುಗಳು, ಭಾಸ್ಕರನ ಕೋತಿಗಳು

“ಎರಡು ಅನುಕ್ರಮ ಪೂರ್ಣಾಂಕಗಳ ಗುಣಲಬ್ಧವು 182, ಆ ಸಂಖ್ಯೆಗಳಾವವು?” ಈ ಬಗೆಯ ಪ್ರಶ್ನೆಯನ್ನು ಎದುರಿಸದೆ ಶಾಲೆಯಿಂದ ಹೊರಬಿದ್ದವರು ನಮ್ಮ ವಾಚಕರಲ್ಲಿ ವಿರಳವೆಂದು ಭಾವಿಸುತ್ತೇವೆ. ಮೊದಲನೆಯ ಸಂಖ್ಯೆಯನ್ನು ‘ಯಾ’ ಎಂದು ಕರೆದರೆ ಎರಡನೆಯದು ಯಾ + 1. ಗುಣಿಸಿ ಬರೆದರೆ ಯಾ² + ಯಾ − 182 = 0 ಎಂಬ ವರ್ಗಸಮೀಕರಣ ದೊರೆಯುವದು. ಅಪವರ್ತಿಸಿದರೆ ಯಾ ಎಂಬುದು 13 ಆಗಬಹುದು, ಇಲ್ಲವೆ −14 ಆಗಬಹುದು. ಅಂದಮೇಲೆ ಉತ್ತರವೂ ಎರಡು ಜೋಡಿ: 13 ಮತ್ತು 14, −14 ಮತ್ತು −13.

ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಓದುತ್ತಿದ್ದಾಗ ನಾವು ಈ ಎರಡು ಜೋಡಿಗಳನ್ನೂ ಬರೆದುಕೊಟ್ಟಿದ್ದೆವು. ಮಾಸ್ತರರು ಎರಡನೆಯ ಜೋಡಿಯ ಮೇಲೆ ಕೆಂಪು ಗೆರೆಯನ್ನೆಳೆದು, “ತಮ್ಮಾ, ಸಾಲದ ಸಂಖ್ಯಾ ಇಲ್ಲಿ ಯಾಕ ತಂದಿ? 13, 14 ಅಷ್ಟ ಸಾಕು” ಎಂದರು. “ಪೂರ್ಣಾಂಕ ಅಂತ ಬರದಾರಲ್ರಿ ಸರ” ಎಂದು ನಾವು ಅಳುಕುತ್ತಲೇ ಹೇಳಿದ್ದುಂಟು. ಅದಕ್ಕೆ ಉತ್ತರ ಸಿಗಲಿಲ್ಲ; ಅರ್ಧ ಗುಣಗಳು ಹೋದವು. ಮರುವಾರ ಇನ್ನೊಂದು ಲೆಕ್ಕ ಬಂದಿತು. ಹೊಲವೊಂದರ ಉದ್ದವು ಅಗಲಕ್ಕಿಂತ 7 ಮಾರು ಹೆಚ್ಚು, ಕ್ಷೇತ್ರಫಲ 60 ಚದರ ಮಾರು; ಅಗಲವೆಷ್ಟು? ಸಮೀಕರಣವು 5ನ್ನೂ ಕೊಡುವದು, −12ನ್ನೂ ಕೊಡುವದು. ಹಟಕ್ಕೆ ಬಿದ್ದ ನಾವು ಎರಡನ್ನೂ ಬರೆದೆವು. ಮತ್ತೆ ಕೆಂಪು ಗೆರೆ ಬಿತ್ತು. ಈ ಸಲ ನ್ಯಾಯವು ಮಾಸ್ತರರ ಕಡೆಗಿತ್ತು. ಸೊನ್ನೆಗಿಂತ ಕಿರಿದಾದ ಅಗಲದ ಹೊಲವನ್ನು ಯಾವ ತಲಾಠಿಯೂ ಅಳೆಯಲಾರನು. ಆದರೆ ಎರಡೂ ಲೆಕ್ಕಗಳಲ್ಲಿ ಒಂದೇ ಬಗೆಯ ಗೆರೆ ಬಿದ್ದುದರಿಂದ, ಒಂದು ನ್ಯಾಯ, ಇನ್ನೊಂದು ಅನ್ಯಾಯ ಎಂಬ ಭೇದವು ನಮ್ಮ ಮನಸ್ಸಿಗೆ ಹೊಳೆಯಲು ಬಹಳ ವರ್ಷಗಳು ಬೇಕಾದವು.

ಅದು ಹೊಳೆದದ್ದು ಪಠ್ಯಪುಸ್ತಕದಿಂದಲ್ಲ, ಹಳೆಯ ಗ್ರಂಥಗಳಿಂದ. ಸೊಲ್ಲಾಪುರದಲ್ಲಿ ರೈಲು ಹತ್ತಿ ಅಕ್ಕಲಕೋಟೆ ರೋಡ್, ಕಲಬುರಗಿಗಳನ್ನು ದಾಟಿ ವಾಡಿಯಲ್ಲಿ ಸಿಕಂದರಾಬಾದಿನ ಮಾರ್ಗಕ್ಕೆ ತಿರುಗಿದರೆ ಚಿತ್ತಾಪುರದ ಆಚೆಗೆ ಮಳಖೇಡ ರೋಡ್ ಎಂಬ ನಿಲ್ದಾಣವಿದೆ. ಅಲ್ಲಿಗೆ ಸಮೀಪದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರ ಸುಮಾರಿನ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ಕೇಳಿದ ಕೂಡಲೆ ಕನ್ನಡಿಗರಿಗೆ ‘ಕವಿರಾಜಮಾರ್ಗ’ದ ನೆನಪಾಗುವದು. ಅದು ಸಹಜವೇ. ಆದರೆ ಅದೇ ಅರಸನ ಕಾಲದಲ್ಲಿ, ಅವನನ್ನೇ ಆರಂಭದಲ್ಲಿ ಸ್ತುತಿಸಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದನೆಂಬುದು ನಮ್ಮಲ್ಲಿ ಎಷ್ಟು ಜನರ ನೆನಪಿನಲ್ಲಿದೆ? ಒಂಬತ್ತು ಅಧಿಕಾರಗಳು, ಸಾವಿರಕ್ಕೂ ಮಿಕ್ಕಿದ ಶ್ಲೋಕಗಳು. ಅವನಿಗಿಂತ ಹಿಂದಿನವರಾದ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷದ ಹೆಗಲ ಮೇಲೆ ಕೂಡ್ರಿಸಿದ್ದರೆ, ಮಹಾವೀರನು ಅದನ್ನು ಕೆಳಗಿಳಿಸಿ, ಅದರ ಕಾಲಿನ ಮೇಲೆಯೇ ನಿಲ್ಲಿಸಿದನು. ಗ್ರಹಗಳ ಗೊಡವೆಯಿಲ್ಲದ, ಗಣಿತಕ್ಕೇ ಮೀಸಲಾದ ದೊಡ್ಡ ಗ್ರಂಥವಿದು.

ಅದರ ಪ್ರಕೀರ್ಣಕ ಅಧಿಕಾರದಲ್ಲಿ ಹಿಂಡುಗಳ ಲೆಕ್ಕಗಳು ಬರುವವು. ಒಂದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಒಂಟೆಗಳ ಒಂದು ಹಿಂಡಿನ ನಾಲ್ಕನೆಯ ಒಂದು ಭಾಗವು ಅಡವಿಯಲ್ಲಿ ಕಾಣಿಸಿತು. ಹಿಂಡಿನ ವರ್ಗಮೂಲದ ಎರಡು ಪಟ್ಟು ಒಂಟೆಗಳು ಬೆಟ್ಟದ ಇಳಿಜಾರಿಗೆ ಹೋಗಿದ್ದವು. ಮೂರು ಸಲ ಐದರಷ್ಟು, ಅಂದರೆ 15 ಒಂಟೆಗಳು, ಹೊಳೆಯ ದಂಡೆಯಲ್ಲಿ ಉಳಿದವು. ಹಿಂಡಿನಲ್ಲಿ ಎಷ್ಟು ಒಂಟೆಗಳು? ವರ್ಗಮೂಲವನ್ನು ‘ಯಾ’ ಎಂದು ಹಿಡಿದರೆ 3ಯಾ² − 8ಯಾ − 60 = 0 ಎಂದಾಗುವದು. ಯಾ = 6; ಒಂಟೆಗಳು 36. ಅಡವಿಯಲ್ಲಿ 9, ಇಳಿಜಾರಿನಲ್ಲಿ 12, ದಂಡೆಯಲ್ಲಿ 15, ತಾಳೆ ಬಿದ್ದಿತು. ಎರಡನೆಯ ಮೂಲವು 10/3ರ ಋಣ. ಅದನ್ನು ವರ್ಗಿಸಿದರೆ 11 ಒಂಟೆಗಳೂ ಮೇಲೆ ಒಂಟೆಯ 1/9 ಭಾಗವೂ ಆಗುವದು. ಅದನ್ನು ಬಿಟ್ಟುಬಿಡಲು ಯಾರ ಅಪ್ಪಣೆಯೂ ಬೇಡ.

ಈ ಲೆಕ್ಕದಲ್ಲಿ ತೊಡಕಿಲ್ಲ. ತೊಡಕಿರುವದು ನವಿಲುಗಳಲ್ಲಿ. ನವಿಲುಗಳ ಹಿಂಡಿನ ಹದಿನಾರನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿದರೆ ಬರುವಷ್ಟು ನವಿಲುಗಳು ಮಾವಿನ ಮರದ ಮೇಲಿದ್ದವು. ಉಳಿದವುಗಳ ಒಂಬತ್ತನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿದಷ್ಟು, ಜೊತೆಗೆ ಇನ್ನು 14, ತಮಾಲವೃಕ್ಷಗಳ ತೋಪಿನಲ್ಲಿದ್ದವು. ಒಟ್ಟು ನವಿಲುಗಳೆಷ್ಟು?

ಮೊದಲ ಸಲ ಇದನ್ನು ಬಿಡಿಸುವಾಗ ನಾವು ಅವಸರಪಟ್ಟೆವು. ಹದಿನಾರರಲ್ಲಿ ಒಂದು ಭಾಗ ಹೋದರೆ ಉಳಿಯುವದು ಹದಿನೈದು ಭಾಗ. ಅದರ ಒಂಬತ್ತನೆಯ ಒಂದು ಭಾಗ — ಹೀಗೆ ಹಿಡಿದು ಸಮೀಕರಣವನ್ನು ಕಟ್ಟಿದೆವು. ಒಂದು ಮೂಲ 336/17, ಇನ್ನೊಂದು 48. ಭಿನ್ನವನ್ನು ಬಿಟ್ಟು 48ನ್ನು ಪರೀಕ್ಷಿಸಿದೆವು. ಹದಿನಾರನೆಯ ಒಂದು ಭಾಗ 3, ಅದರ ವರ್ಗ 9. ಉಳಿದ 45ರ ಒಂಬತ್ತನೆಯ ಒಂದು ಭಾಗ 5, ಅದರ ವರ್ಗ 25. 9, 25, 14 ಕೂಡಿ 48. ಇಷ್ಟು ಅಚ್ಚುಕಟ್ಟಾಗಿ ಕೂಡಿಬಂದ ಮೇಲೆ ಸಂಶಯಪಡುವವರಾರು? ಕೆಲವು ದಿನಗಳ ತರುವಾಯ ಮತ್ತೆ ಓದಿದಾಗ ತಪ್ಪು ಕಣ್ಣಿಗೆ ಬಿದ್ದಿತು. ಮಾವಿನ ಮರದ ಮೇಲೆ ಕುಳಿತವು 3 ನವಿಲುಗಳಲ್ಲ, 9. ಆದುದರಿಂದ ಉಳಿದವು 45 ಅಲ್ಲ, 39. ಅದನ್ನು ಒಂಬತ್ತರಿಂದ ಭಾಗಿಸಬಂದೀತೆ? ಶೇಷವೆಂದರೆ ಕಾಗದದ ಮೇಲಿನ ಭಾಗವಲ್ಲ, ನೆಲದ ಮೇಲಿನ ಹಕ್ಕಿ. ಉತ್ತರವು ಪೂರ್ಣಾಂಕವಾಗಿ ಬಂದ ಮಾತ್ರಕ್ಕೆ ಅದು ಪ್ರಶ್ನೆಯ ಉತ್ತರವಾಗುವದಿಲ್ಲವೆಂಬುದನ್ನು ನಾವು ಹೀಗೆ ಕಲಿತೆವು.

ಸರಿಯಾದ ದಾರಿಯನ್ನು ಹಿಂದಿನಿಂದ ಹಿಡಿಯುವದು ಲೇಸು. ಮಾವಿನ ಮರವನ್ನು ಬಿಟ್ಟು ಉಳಿದ ನವಿಲುಗಳ ಒಂಬತ್ತನೆಯ ಒಂದು ಭಾಗವನ್ನು ‘ಚ’ ಎನ್ನೋಣ. ಉಳಿದವು 9ಚ. ಅವೆಲ್ಲ ತಮಾಲದ ತೋಪಿನಲ್ಲಿಯೇ ಇರುವದರಿಂದ ಚ² + 14 = 9ಚ. ಇಲ್ಲಿ ಚ ಎಂಬುದು 2 ಅಥವಾ 7. ಇನ್ನು ಇಡಿಯ ಹಿಂಡಿನ ಹದಿನಾರನೆಯ ಒಂದು ಭಾಗವನ್ನು ‘ಕ’ ಎಂದರೆ, 16ಕ ದಿಂದ ಕ² ಕಳೆದರೆ ಉಳಿದವು ಬರಬೇಕು. ಚ = 2 ಆದರೆ ಉಳಿದವು 18; ಆಗ (ಕ − 8)² = 46 ಎಂದಾಗುವದು, ಮತ್ತು 46ಕ್ಕೆ ಪೂರ್ಣವರ್ಗಮೂಲವಿಲ್ಲ. ಆ ಬಾಗಿಲು ಮುಚ್ಚಿತು. ಚ = 7 ಆದರೆ ಉಳಿದವು 63; ಆಗ (ಕ − 8)² = 1, ಕ ಎಂಬುದು 7 ಅಥವಾ 9. ನವಿಲುಗಳು 112 ಅಥವಾ 144! ಮೊದಲನೆಯದರಲ್ಲಿ ಮಾವಿನ ಮರದ ಮೇಲೆ 49, ತೋಪಿನಲ್ಲಿ 63. ಎರಡನೆಯದರಲ್ಲಿ ಮಾವಿನ ಮರದ ಮೇಲೆ 81, ತೋಪಿನಲ್ಲಿ ಅದೇ 63. ಎರಡೂ ಧನ, ಎರಡೂ ಪೂರ್ಣಾಂಕ, ಎರಡೂ ಪ್ರಶ್ನೆಯ ಪ್ರತಿಯೊಂದು ಮಾತಿಗೂ ಒಪ್ಪುವವು. 81 ನವಿಲುಗಳ ಭಾರವನ್ನು ತಾಳುವ ಮಾವಿನ ಮರ ಯಾವ ಊರಿನದೋ ಎಂದು ಕೇಳುವವರು ಕೇಳಲಿ. ಗಣಿತದವರಿಗೆ ಮರದ ಚಿಂತೆಯಿಲ್ಲ.

ಈ ಬಗೆಯ ಲೆಕ್ಕಗಳಿಗೆ ಮಹಾವೀರನು ಕೊಡುವ ಸೂತ್ರದಲ್ಲಿ ವರ್ಗಮೂಲವನ್ನು ಕೂಡಿಸುವದೂ ಉಂಟು, ಕಳೆಯುವದೂ ಉಂಟು. ವರ್ಗಸಮೀಕರಣಕ್ಕೆ ಎರಡು ಮೂಲಗಳಿರುತ್ತವೆಂಬುದು ಅವನಿಗೆ ತಿಳಿದಿತ್ತು. ಋಣಸಂಖ್ಯೆಯು ಸ್ವಭಾವತಃ ಯಾವದರ ವರ್ಗವೂ ಅಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದೂ ಅವನು ಬರೆದಿದ್ದಾನೆ. ಎಲ್ಲಿಯ ವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದರ ಅರಿವು ಅವನಲ್ಲಿ ಸ್ಪಷ್ಟವಾಗಿದೆ.

ಈ ಗ್ರಂಥದ ಮುಂದಿನ ಕಥೆಯಲ್ಲಿ ನಮ್ಮ ಸೊಲ್ಲಾಪುರಕ್ಕೂ ಒಂದು ಪಾಲಿದೆ. ತಾಡವೋಲೆಗಳಲ್ಲಿಯೂ, ವಲ್ಲಭನೆಂಬವನ ಕನ್ನಡ ಟೀಕೆಯೊಡನೆಯೂ ಉಳಿದುಬಂದ ಈ ಕೃತಿಯನ್ನು ಎಂ. ರಂಗಾಚಾರ್ಯರು ಇಂಗ್ಲೀಷ ಅನುವಾದದೊಡನೆ ಸಂಪಾದಿಸಿಕೊಟ್ಟರು. ಅದು 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅನಂತರ ಅರ್ಧ ಶತಮಾನದ ಮೇಲೆ, 1963ರಲ್ಲಿ, ಅದೇ ಗ್ರಂಥವು ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದದೊಡನೆ ಸೊಲ್ಲಾಪುರದಿಂದ ಹೊರಬಂದಿತು. ಇಲ್ಲಿಯ ಜೀವರಾಜ ಗೌತಮಚಂದ ದೋಶಿಯವರು ತಮ್ಮ ಸಂಪತ್ತನ್ನು ಧಾರೆಯೆರೆದು ನೆಲೆಗೊಳಿಸಿದ ಜೈನ ಸಂಸ್ಕೃತಿ ಸಂರಕ್ಷಕ ಸಂಘದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಅದು 12ನೆಯದು. ಆ ಮಾಲೆಯ ಪ್ರಧಾನ ಸಂಪಾದಕರಿಬ್ಬರಲ್ಲಿ ಒಬ್ಬರು ಹೀರಾಲಾಲ ಜೈನರು. ಇನ್ನೊಬ್ಬರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸುತ್ತಿದ್ದ ಆ. ನೇ. ಉಪಾಧ್ಯೆಯವರು. ಮಾನ್ಯಖೇಟದ ನವಿಲುಗಳು ಸಾವಿರದ ನೂರು ವರ್ಷಗಳ ಮೇಲೆ ಹಾರಿಬಂದು ನಮ್ಮ ಊರಿನಲ್ಲಿಯೇ ಇಳಿದವೆನ್ನಬೇಕು. ನಾವು ಮಾತ್ರ ತಲೆಯೆತ್ತಿ ನೋಡಲಿಲ್ಲ. ಹಿಂದಿಯಲ್ಲಿ ಬಂದ ಪುಸ್ತಕವು ಜೈನ ಭಂಡಾರಗಳಿಗೂ ವಿದ್ವಾಂಸರಿಗೂ ಸೇರಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಹಲಗೆಯ ಮೇಲೆ ಅದರ ಒಂದು ಒಂಟೆಯೂ ಬಂದುದನ್ನು ನಾವು ಕಾಣೆವು. ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ. ಕನ್ನಡ ನೆಲದ ಅರಸನ ಹೆಸರನ್ನು ಹೊತ್ತ ಗ್ರಂಥವು ಕನ್ನಡಕ್ಕೆ ಬರುವ ಮೊದಲು ಇಂಗ್ಲೀಷಿಗೂ ಹಿಂದಿಗೂ ಹೋಗಿಬಂದಿತು. 11ನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದಿದ್ದನೆಂಬುದನ್ನು ನೆನೆದರೆ ನಮ್ಮ ಸಂಕೋಚವು ಇನ್ನೂ ಹೆಚ್ಚುವದು.

ಇನ್ನು ಭಾಸ್ಕರಾಚಾರ್ಯನ ಕಡೆಗೆ ತಿರುಗೋಣ. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆಯನ್ನು ಕಟ್ಟಿಸಿದ ಶತಮಾನವೇ ಅವನದೂ. 1114ರಲ್ಲಿ ಹುಟ್ಟಿ, ತನ್ನ 36ನೆಯ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ‘ಸಿದ್ಧಾಂತಶಿರೋಮಣಿ’ಯನ್ನು ಮುಗಿಸಿದನು. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಅವನು ಹೇಳಿದ್ದನ್ನು ಹಿಡಿದು, ಅದು ನಮ್ಮ ವಿಜಾಪುರವೇ ಎಂದು ವಾದಿಸಿದವರುಂಟು. ವಿಜಾಪುರದಿಂದ ಸಹ್ಯಾದ್ರಿ ಎಷ್ಟು ದೂರವೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಅವನ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದ ಸಂಗತಿಯನ್ನು ತಿಳಿಸುವ 1207ರ ಶಾಸನವು ಖಾನದೇಶದ ಪಾಟಣದಲ್ಲಿದೆ. ಆದುದರಿಂದ ಊರಿನ ವಾದದಲ್ಲಿ ನಾವು ಪಕ್ಷ ಹಿಡಿಯುವದಿಲ್ಲ. ನಮಗೆ ಬೇಕಾದದ್ದು ಅವನ ಬೀಜಗಣಿತದ ಕೋತಿಗಳು.

ಕೋತಿಗಳ ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕೋತಿಗಳು ತೋಪಿನಲ್ಲಿ ಕುಣಿಯುತ್ತಿವೆ. ಉಳಿದ 12 ಗುಡ್ಡದ ಮೇಲೆ ಕಿರುಚುತ್ತಿವೆ. ಒಟ್ಟೆಷ್ಟು? ಭಾಸ್ಕರನು ತಿಳಿಯದ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದು ಅದರ ಮೊದಲಕ್ಷರ ‘ಯಾ’ವನ್ನು ಬರೆಯುತ್ತಾನೆ, ಋಣಸಂಖ್ಯೆಯ ತಲೆಯ ಮೇಲೆ ಒಂದು ಚುಕ್ಕೆಯನ್ನಿಡುತ್ತಾನೆ. ಈ ಲೇಖನದಲ್ಲಿ ನಾವು ‘ಯಾ’ ಎಂದು ಬರೆದದ್ದು ಅವನಿಂದಲೇ ಪಡೆದ ಸಾಲ. ಸಮೀಕರಣವು ಯಾ² − 64ಯಾ = −768. ಇದನ್ನು ಬಿಡಿಸಲು ಅವನು ಶ್ರೀಧರಾಚಾರ್ಯನ ಸೂತ್ರವನ್ನು ಉದ್ಧರಿಸುತ್ತಾನೆ. ಶ್ರೀಧರನ ಬೀಜಗಣಿತ ಗ್ರಂಥವು ನಷ್ಟವಾಗಿದೆ. ಸೂತ್ರವು ಭಾಸ್ಕರನ ದೆಸೆಯಿಂದ ಉಳಿದಿದೆ. ವರ್ಗದ ಗುಣಕದ ನಾಲ್ಕು ಪಟ್ಟಿನಿಂದ ಎರಡೂ ಪಕ್ಷಗಳನ್ನು ಗುಣಿಸಬೇಕು. ಅವ್ಯಕ್ತದ ಗುಣಕದ ವರ್ಗವನ್ನು ಎರಡೂ ಪಕ್ಷಗಳಿಗೆ ಕೂಡಿಸಬೇಕು. ಆಮೇಲೆ ಮೂಲವನ್ನು ತೆಗೆಯಬೇಕು. ಹಾಗೆ ಮಾಡಿದರೆ ಎಡಕ್ಕೆ 2ಯಾ − 64ರ ವರ್ಗ, ಬಲಕ್ಕೆ 4096 − 3072, ಅಂದರೆ 1024. ಅದರ ಮೂಲ 32. ಇದು 64ಕ್ಕಿಂತ ಕಿರಿದು. ಹೀಗೆ ಕಿರಿದಾದಾಗ ಅದನ್ನು ಧನವಾಗಿಯೂ ಋಣವಾಗಿಯೂ ಹಿಡಿಯಬಹುದು, ಆಗ ಅವ್ಯಕ್ತಕ್ಕೆ ಕೆಲವೆಡೆ ಎರಡು ಬೆಲೆಗಳು ಬರುವವು ಎಂಬುದು ಅವನ ನಿಯಮ. 48 ಕೋತಿಗಳು, ಇಲ್ಲವೆ 16. ಎಂಟನೆಯ ಒಂದು ಭಾಗ 6 ಆದರೆ 36 ಮತ್ತು 12. 2 ಆದರೆ 4 ಮತ್ತು 12. ಎರಡನ್ನೂ ಅವನು ಅಂಗೀಕರಿಸುತ್ತಾನೆ.

‘ಕೆಲವೆಡೆ’ ಎಂಬ ಮಾತಿನ ಸ್ವಾರಸ್ಯವು ಮುಂದಿನ ಲೆಕ್ಕದಲ್ಲಿದೆ. ಹಿಂಡಿನ ಐದನೆಯ ಒಂದು ಭಾಗದಿಂದ 3 ಕಳೆದು ವರ್ಗಿಸಿದಷ್ಟು ಕೋತಿಗಳು ಗುಹೆಯನ್ನು ಹೊಕ್ಕವು; ಒಂದು ಮಾತ್ರ ಕೊಂಬೆಯನ್ನೇರಿ ಕಾಣಿಸುತ್ತಿದೆ. ಒಟ್ಟೆಷ್ಟು? ಯಾ² − 55ಯಾ + 250 = 0. ಮೊದಲಿನ ಕ್ರಮದಿಂದಲೇ 2ಯಾ − 55ರ ವರ್ಗ 2025, ಅದರ ಮೂಲ 45. ಇದೂ 55ಕ್ಕಿಂತ ಕಿರಿದೇ. ಆದುದರಿಂದ 50 ಮತ್ತು 5. ಐವತ್ತರ ಐದನೆಯ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಒಂದು ಕೂಡಿಸಿದರೆ 50. ಸರಿ. ಐದರ ಐದನೆಯ ಒಂದು ಭಾಗ 1, ಅದರಿಂದ 3 ಕಳೆದರೆ −2, ವರ್ಗ 4, ಒಂದು ಕೂಡಿಸಿದರೆ 5. ಅಂಕಿಗಳೇನೋ ಕೂಡಿಬಂದವು. ಆದರೂ ಭಾಸ್ಕರನು ಎರಡನೆಯದನ್ನು ಸ್ವೀಕರಿಸಬಾರದೆನ್ನುತ್ತಾನೆ. ಅದು ಹೊಂದುವದಿಲ್ಲ, ಎಣಿಸಬರುವ ವಸ್ತುಗಳು ಋಣವಾದಾಗ ಲೋಕವು ಒಪ್ಪುವದಿಲ್ಲ ಎಂಬುದು ಅವನು ಕೊಡುವ ಕಾರಣ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಕೋರಿಕೆ. ಅವನು ತಳ್ಳಿಹಾಕಿದ 5 ಋಣಸಂಖ್ಯೆಯಲ್ಲ. ಅದು ಧನ, ಪೂರ್ಣಾಂಕ, ಸಮೀಕರಣಕ್ಕೆ ಒಪ್ಪುವಂಥದು. ಋಣವು ಇಣುಕಿದ್ದು ಉತ್ತರದಲ್ಲಿ ಅಲ್ಲ, ಕಥೆಯ ನಡುವಿನಲ್ಲಿ — ಗುಹೆಯನ್ನು ಹೊಕ್ಕವರ ಲೆಕ್ಕದಲ್ಲಿ ಒಂದು ಕೋತಿಯಿಂದ ಮೂರು ಕೋತಿಗಳನ್ನು ಕಳೆಯಬೇಕಾಗಿ ಬಂದಾಗ. ಬರಿಯ ಉತ್ತರದ ಚಿಹ್ನೆಯನ್ನು ನೋಡುವವನಿಗೆ ಇದು ಕಾಣುವದಿಲ್ಲ. ಉತ್ತರವನ್ನು ಹಿಡಿದುಕೊಂಡು ಪ್ರಶ್ನೆಯ ಒಂದೊಂದು ಮೆಟ್ಟಿಲನ್ನೂ ಮತ್ತೆ ಹತ್ತಿದವನಿಗೆ ಮಾತ್ರ ಕಾಣುವದು. ಪ್ರಶ್ನೆಯು ‘ಮೂರರಿಂದ ಐದನೆಯ ಒಂದು ಭಾಗವನ್ನು ಕಳೆದು’ ಎಂದಿದ್ದರೆ ಸಮೀಕರಣವು ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ, ಆದರೆ 5 ಒಳಗೆ ಬಂದು 50 ಹೊರಗೆ ಹೋಗುತ್ತಿತ್ತು. ನಮ್ಮ 48 ನವಿಲುಗಳ ತಪ್ಪಿಗೂ ಇದೇ ಮದ್ದು. ಗ್ರಹಿಸುವ ಹಕ್ಕು ಸಮೀಕರಣದ್ದಲ್ಲ, ಪ್ರಶ್ನೆಯದು.

ಹೊರಗಿನ ಲೋಕದಲ್ಲಿಯೂ ಇದೇ ಬಗೆಯ ತಡಕಾಟ ನಡೆದಿತ್ತು. ಅಮೋಘವರ್ಷನ ಆಳಿಕೆಯ ಮೊದಲ ದಶಕಗಳಲ್ಲಿಯೇ ಬಗದಾದಿನಲ್ಲಿ ಅಲ್-ಖ್ವಾರಿಜ್ಮಿಯು ತನ್ನ ಬೀಜಗಣಿತವನ್ನು ಬರೆದನು. ವರ್ಗಕ್ಕೆ 21 ಕೂಡಿಸಿದರೆ ಮೂಲದ ಹತ್ತು ಪಟ್ಟಾಗುವ ಸಂಖ್ಯೆಗೆ 3 ಮತ್ತು 7 ಎಂಬ ಎರಡೂ ಉತ್ತರಗಳನ್ನು ಅವನು ಕೊಡುತ್ತಾನೆ. ಆದರೆ ಋಣಮೂಲಕ್ಕೆ ಅವನಲ್ಲಿ ಸ್ಥಳವೇ ಇಲ್ಲ. ಯುರೋಪಿನಲ್ಲಿ 1545ರ ಕಾರ್ಡಾನೋ ಋಣಮೂಲಗಳನ್ನು ಕಲ್ಪಿತವೆಂದನು, 1637ರ ಡೇಕಾರ್ತನು ಸುಳ್ಳೆಂದನು. ನಮ್ಮಲ್ಲಿ ಬ್ರಹ್ಮಗುಪ್ತನು 628ರಲ್ಲಿಯೇ ಧನ, ಋಣಗಳನ್ನು ಕೂಡಿಸುವ, ಗುಣಿಸುವ ನಿಯಮಗಳನ್ನು ಹೇಳಿಬಿಟ್ಟಿದ್ದನು. ಸಾಲವೆಂಬುದು ಅಂಗಡಿಯ ವಹಿಯಲ್ಲಿ ದಿನವೂ ಕಾಣುವ ವಸ್ತು. ಅದನ್ನು ಸುಳ್ಳೆನ್ನಲು ಯಾವ ವ್ಯಾಪಾರಿಗೆ ಸಾಧ್ಯ? ಭಾಸ್ಕರನು ಋಣವನ್ನು ಎಲ್ಲೆಡೆಯೂ ನಿರಾಕರಿಸಿದವನಲ್ಲ, ಕೋತಿಗಳಲ್ಲಿ ನಿರಾಕರಿಸಿದನು.

ಈ ಮಾಪನದಿಂದ ನಮ್ಮ ಶಾಲೆಯ ಎರಡು ಲೆಕ್ಕಗಳನ್ನು ಅಳೆದು ನೋಡಿದೆವು. ಹೊಲದ ಲೆಕ್ಕದಲ್ಲಿ −12 ಹೋಗಬೇಕಾದದ್ದೇ. ಅನುಕ್ರಮ ಪೂರ್ಣಾಂಕಗಳ ಲೆಕ್ಕದಲ್ಲಿ ಹೊಲವಿಲ್ಲ, ಕೋತಿಯಿಲ್ಲ, ವಯಸ್ಸಿಲ್ಲ. ಕೇಳಿದ್ದು ಪೂರ್ಣಾಂಕ, ಮತ್ತು −14, −13 ಪೂರ್ಣಾಂಕಗಳೇ. ‘ಸ್ವಾಭಾವಿಕ ಸಂಖ್ಯೆ’ ಎಂದು ಕೇಳಿದ್ದರೆ ಮಾಸ್ತರರ ಗೆರೆಯು ಸರಿಯಾಗುತ್ತಿತ್ತು. ಒಂದು ಶಬ್ದದ ಅಂತರ. ಮಾಸ್ತರರನ್ನು ನಾವು ದೂರುವದಿಲ್ಲ. ಅವರೂ ಹಾಗೆಯೇ ಕಲಿತು ಬಂದವರು, ಮತ್ತು ನಮಗೆ ಶ್ರೀಧರನ ಸೂತ್ರವನ್ನು, ಅವನ ಹೆಸರನ್ನೆತ್ತದೆಯೇ ಆದರೂ, ಬಾಯಿಗೆ ಬರುವಂತೆ ಕಲಿಸಿದವರು ಅವರೇ.

ಕಳೆದ ಬೇಸಿಗೆಯ ಸೂಟಿಯಲ್ಲಿ ಅಕ್ಕಲಕೋಟೆಯ ಮನೆಯ ಕಟ್ಟೆಯ ಮೇಲೆ ಹುಡುಗಿಯೊಬ್ಬಳಿಗೆ ನವಿಲುಗಳ ಲೆಕ್ಕವನ್ನು ಕೊಟ್ಟೆವು. ಅವಳೂ ಮೊದಲು 48 ಎಂದಳು. ಮರದ ಮೇಲಿನ ಹಕ್ಕಿಗಳನ್ನು ಎಣಿಸಲು ಹೇಳಿದ ಮೇಲೆ ನಕ್ಕು, ಅಳಿಸಿ, ಅರ್ಧ ತಾಸಿನಲ್ಲಿ 112, 144 ಎರಡನ್ನೂ ತಂದಳು. “ಅಜ್ಜಾ, ಇದರಾಗ ಖರೇ ಯಾವದು?” ಎಂದು ಕೇಳಿದಳು. ಮಹಾವೀರನ ಶ್ಲೋಕದಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡಲು ಆಧಾರವಾಗುವ ಶಬ್ದ ಒಂದೂ ಇಲ್ಲ. ಎರಡನ್ನೂ ಬರೆಯೆಂದೆವು. ಅವಳು ಎರಡನ್ನೂ ಬರೆದು, ಕೆಳಗೆ ಎರಡರ ತಾಳೆಯನ್ನೂ ಬರೆದಳು.